ಹುನಗುಂದ ಹುಡುಕಿದರೆ ಸಿಗಲಿಲ್ಲ

ನಮ್ಮ ಬಳಗದ ವೆಬ್‌ಸೈಟಿಗೆ ಕೋಡ್ ಬರೆದುಕೊಡುತ್ತೇನೆಂದು ಬರುವವರ ಕಣ್ಣು ಮೊದಲು ಬೀಳುವುದು ಮುಖಪುಟದ ಮೇಲೆ. ಬಣ್ಣ ಬದಲಿಸೋಣ, ಬಾದಾಮಿ ಗುಹೆಗಳ ಫೋಟೊ ದೊಡ್ಡದು ಮಾಡೋಣ ಎನ್ನುತ್ತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸುತ್ತಿನ ಗುಡಿ, ಶಾಸನ, ನೇಕಾರಿಕೆಯ ಮಾಹಿತಿಯನ್ನು ಊರವರೇ ಕೂಡಿಸುವ ತಾಣವಿದು. ಕೂಡಲಸಂಗಮದ ಅಂಕಿತವಿರುವ ವಚನವನ್ನು ‘ವಚನ ಸಂಚಯ’ದಲ್ಲಿ ಹುಡುಕಿದವರಿಗೆ ಗೊತ್ತು, ಇಂಥ ತಾಣದ ಜೀವ ಹುಡುಕಾಟದಲ್ಲಿದೆ. ನಮ್ಮದು ಕುಂಟುತ್ತಿದ್ದದ್ದೂ ಅಲ್ಲೇ. ಸಾ.ಶ. 634ರ ರವಿಕೀರ್ತಿಯ ಶಾಸನವಿರುವ ಐಹೊಳೆಯ ಮೇಗುತಿ ಗುಡಿಯ ಪುಟ ಬರೆದ ಮಾಸ್ತರರು ಫೋನ್ ಮಾಡಿದರು: “ಹುನಗುಂದ ಅಂತ ಹೊಡದ್ರ ಏನೂ ಬರವಲ್ದು ನೋಡ್ರಿ. ಕಣ್ಣಿಗೆ ಕಾಣಾಕತ್ತೈತಿ, ಹುಡುಕಿದ್ರ ಇಲ್ಲ ಅಂತೈತಿ.”

ಕಾರಣ ಸೊನ್ನೆ! ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ೦ ಕೂತಿತ್ತು. ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಬಾಗಲಕೋಟೆಯ ‘ಕೋ’ ಇನ್ನೂ ಕಿಲಾಡಿ. ಯೂನಿಕೋಡಿನಲ್ಲಿ ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಮೂರಾಗಿ ಒಡೆದೂ ಇಡಬಹುದು. ಒಡೆದದ್ದನ್ನು ಕೂಡಿಸಲು ಎನ್‌ಎಫ್‌ಸಿ ಎಂಬ ಸಿದ್ಧ ನಿಯಮವಿದೆ, ಒಂದು ಸಾಲು ಕೋಡ್ ಸಾಕು. ಸೊನ್ನೆಯ ಕಾಟಕ್ಕೆ ಅದು ಮದ್ದಲ್ಲ. ಅಕ್ಷರದ ಬೆನ್ನಿಗೆ ಬಂದ ೦ ಅನುಸ್ವಾರ, ಅಂಕಿಯ ಬೆನ್ನಿಗೆ ಬಂದದ್ದು ಸೊನ್ನೆಯೇ ಎಂದು ನಾವೇ ಬರೆಯಬೇಕು, ಇಲ್ಲದಿದ್ದರೆ ೨೦೦೬ ಕೆಡುತ್ತದೆ. ‘ಇಳಕಲ್‌ನಲ್ಲಿ’ ಎಂಬಲ್ಲಿ ಲ್ ಮತ್ತು ನ ನಡುವೆ ಕಾಣದ ಸಂಕೇತವೊಂದಿದೆ. ಹುಡುಕುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ತೋರಿಸುವಾಗ ತೆಗೆಯಬಾರದು; ತೆಗೆದರೆ ನ ಒತ್ತಾಗಿ ಕೆಳಗಿಳಿಯುತ್ತದೆ. ಬಾದಾಮಿಯೊಂದು ಯಾವ ತಂಟೆಗೂ ಹೋಗದ ಊರು.

ಕೋಡ್ ಸಣ್ಣದು, ಆದರೆ ಅದನ್ನು ಒಪ್ಪುವವರು ಯಾರು? ಬಳಗದಲ್ಲಿ ಕೋಡ್ ಓದಬಲ್ಲವರೇ ಕಡಿಮೆ. ಅದಕ್ಕೆ ಪರೀಕ್ಷೆಯ ಫೈಲನ್ನು ಬರೀ ಪಟ್ಟಿಯಾಗಿ ಮಾಡಿದೆ: ಎಡಕ್ಕೆ ಜನ ಟೈಪ್ ಮಾಡುವ ಪದ, ಬಲಕ್ಕೆ ಸಿಗಬೇಕಾದ ಪುಟ. ಪುಲ್ ರಿಕ್ವೆಸ್ಟ್ ಜೊತೆಗೇ ಅದನ್ನು ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿದೆ. ಅಲ್ಲಿಯವರೆಗೆ ತೆಪ್ಪಗಿದ್ದವರೆಲ್ಲ ಮುಗಿಬಿದ್ದರು. ಪುಲಕೇಶಿಯೋ ಪುಲಿಕೇಶಿಯೋ? ಇಲಕಲ್ಲ ಎಂದು ಹೊಡೆದವರ ಗತಿಯೇನು? 1997ಕ್ಕೆ ಮೊದಲಿನ ಪುಸ್ತಕಗಳಲ್ಲಿ ಬಾದಾಮಿ ವಿಜಾಪುರ ಜಿಲ್ಲೆಯಲ್ಲಿದೆಯಲ್ಲ, ಹಾಗೆ ಹುಡುಕಿದರೆ? ಇಳಕಲ್ಲಿನ ನೇಕಾರ ಮನೆಯ ಹೆಣ್ಣುಮಗಳೊಬ್ಬಳು ಸೀರೆಯ ಟೋಪ ತೆನಿ ಸೆರಗಿಗೆ ತನಗೆ ಗೊತ್ತಿದ್ದ ಕಾಗುಣಿತಗಳನ್ನೆಲ್ಲ ಸೇರಿಸಿದಳು. ಇವನ್ನು ತೀರ್ಮಾನಿಸುವುದು ಕೋಡಿನ ಕೆಲಸವಲ್ಲವೆಂದು ಬೇರೆ ಫೈಲಿಗೆ ಹಾಕಿದೆವು. ಈಗ ಪ್ರೋಗ್ರಾಮಿಂಗ್ ಬಾರದವರೂ ಅದನ್ನು ತಿದ್ದುತ್ತಾರೆ.

ಆಗಲೇ ಬೆಂಗಳೂರಿನ ಗೆಳೆಯನೊಬ್ಬ ಇಡೀ ತಾಣದ ವಿನ್ಯಾಸ ಬದಲಿಸಿ ಕಳಿಸಿದ್ದ. ಕೆಲಸ ಚೊಕ್ಕವಾಗಿಯೇ ಇತ್ತು, ಎಲ್ಲಿಂದ ನೋಡಬೇಕೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ಮೆನು, ಫಾಂಟು, ಬಣ್ಣ ಎಂದು ಬಿಡಿಬಿಡಿಯಾಗಿ ಕಳಿಸಿದ ಮೇಲೆ ಒಂದೊಂದಾಗಿ ಸೇರಿದವು.

ಒಂದು ವಿಷಯದಲ್ಲಿ ನಾನು ಹಟಮಾರಿ. ಹೇಗೂ ನಿಯಮಗಳಿವೆ, ಪುಟಗಳನ್ನೂ ಅವುಗಳಿಂದಲೇ ತಿದ್ದಿಬಿಡೋಣ ಎಂಬ ಸಲಹೆ ಆಗಾಗ ಬರುತ್ತದೆ. ಹಳಗನ್ನಡ ಶಾಸನಪಾಠದಲ್ಲಿ ಱ, ೞ ಇರುತ್ತವೆ. ರ, ಳ ಹೊಡೆದವರಿಗೂ ಅವು ಸಿಗಬೇಕು, ಅದಕ್ಕೆಂದೇ ಹುಡುಕಾಟಕ್ಕೆ ಬೇರೆ ಪ್ರತಿ ಇದೆ. ಮೂಲಪಾಠಕ್ಕೆ ಕೈ ಹಾಕುವ ಕೋಡನ್ನು ಯಾರು ಕಳಿಸಿದರೂ ನಾನು ಒಪ್ಪಿಗೆ ಒತ್ತುವುದಿಲ್ಲ.