ಸೂರ್ಯನ ದಿನಚರಿಯನ್ನು ಬರೆಯುವವರು

ಖಗೋಳಶಾಸ್ತ್ರವೆಂದೊಡನೆ ರಾತ್ರಿಯ ಆಕಾಶವೂ ನಕ್ಷತ್ರಗಳೂ ನಮ್ಮ ನೆನಪಿಗೆ ಬರುತ್ತವೆ. ಆದರೆ ಹಗಲಿನಲ್ಲಿ ಕೆಲಸಮಾಡುವ ವೀಕ್ಷಣಾಲಯಗಳೂ ಉಂಟು. ತಮಿಳುನಾಡಿನ ಪಳನಿ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 2,340 ಮೀಟರು ಎತ್ತರದಲ್ಲಿರುವ ಕೊಡೈಕೆನಾಲಿನ ಸೌರ ವೀಕ್ಷಣಾಲಯ ಅಂಥದು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಇಂದು ಅದನ್ನು ನಡೆಸುತ್ತಿದೆ. ಇಂಥ ಕಡೆ ದುಡಿದ ವಿಜ್ಞಾನಿಗಳ ಹೆಸರನ್ನು ನಾವು ಪುಸ್ತಕಗಳಲ್ಲಿ ಓದುತ್ತೇವೆ. ಪ್ರತಿದಿನವೂ ಉಪಕರಣವನ್ನು ಅಣಿಗೊಳಿಸುವ ತಂತ್ರಜ್ಞನ ಕೆಲಸ ಎಂಥದೆಂಬುದನ್ನು ಈಗ ವಿಚಾರಿಸೋಣ.

ಈ ವೀಕ್ಷಣಾಲಯದ ಹುಟ್ಟಿಗೆ ಒಂದು ದಾರುಣವಾದ ಹಿನ್ನೆಲೆಯಿದೆ. 1876–78ರಲ್ಲಿ ದಕ್ಷಿಣ ಭಾರತವನ್ನು ಭೀಕರ ಕ್ಷಾಮ ಕಾಡಿತು. ಮೈಸೂರು ಸೀಮೆಯಲ್ಲಿಯೂ ಧಾತು, ಈಶ್ವರ ಸಂವತ್ಸರಗಳ ಆ ಬರಕ್ಕೆ ಲಕ್ಷಾಂತರ ಜನ ಬಲಿಯಾದರು. ಸೂರ್ಯನ ಮೇಲಿನ ಕಲೆಗಳ ಏರಿಳಿತಕ್ಕೂ ಮಳೆಗೂ ಸಂಬಂಧವಿದ್ದೀತೆ ಎಂಬ ಪ್ರಶ್ನೆ ಆಗ ಬಲವಾಯಿತು. ಸೂರ್ಯನನ್ನು ಕ್ರಮವಾಗಿ ಗಮನಿಸಬೇಕೆಂಬ ಅಭಿಪ್ರಾಯವೂ ಬೆಳೆಯಿತು. 1899ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯ ಸ್ಥಾಪನೆಯಾಯಿತು. ಕಲೆಗಳನ್ನು ಎಣಿಸಿ ಮಳೆಯನ್ನು ಮುಂತಿಳಿಯುವ ಆಸೆಯೇನೋ ಕೈಗೂಡಲಿಲ್ಲ. ಆದರೆ ಆ ನೆಪದಿಂದ ತೊಡಗಿದ ದೈನಂದಿನ ದಾಖಲೆ ಅಮೂಲ್ಯವಾಯಿತು.

ತಂತ್ರಜ್ಞನ ಕೆಲಸ ಬೆಳಿಗ್ಗೆಯೇ ಮೊದಲಾಗಬೇಕು. ಬಿಸಿಲೇರಿದಂತೆ ನೆಲ ಕಾದು, ಅದರ ಮೇಲಿನ ಬಿಸಿಗಾಳಿ ಏಳುತ್ತದೆ. ಬಿಸಿಗಾಳಿಯ ವಕ್ರೀಭವನಾಂಕವೂ ತಣ್ಣಗಿನ ಗಾಳಿಯ ವಕ್ರೀಭವನಾಂಕವೂ ಒಂದೇ ಅಲ್ಲವಾದ್ದರಿಂದ ಸೂರ್ಯನ ಬಿಂಬ ಕುದಿಯುವ ನೀರಿನಂತೆ ಕದಲುತ್ತದೆ. ಬೇಸಿಗೆಯ ಮಧ್ಯಾಹ್ನ ರಸ್ತೆಯ ಮೇಲೆ ದೂರದ ವಸ್ತುಗಳು ನಡುಗುವುದನ್ನು ವಾಚಕರು ಕಂಡಿರಬಹುದು. ಈ ಕದಲಿಕೆ ಹೆಚ್ಚುವುದರೊಳಗಾಗಿ ಉಪಕರಣ ಸಿದ್ಧವಾಗಿರಬೇಕು.

1960ರ ಸುಮಾರಿನಿಂದ ಅಲ್ಲಿ ಬಳಕೆಯಲ್ಲಿರುವ ಸುರಂಗ ದೂರದರ್ಶಕವನ್ನು ನೋಡೋಣ. 11 ಮೀಟರು ಎತ್ತರದ ಗೋಪುರದ ಮೇಲಿರುವ ದರ್ಪಣವೊಂದು ಸೂರ್ಯನ ಬೆಳಕನ್ನು ಹಿಡಿಯುತ್ತದೆ. ಇನ್ನೆರಡು ದರ್ಪಣಗಳು ಅದನ್ನು ಕೆಳಕ್ಕಿಳಿಸಿ, 60 ಮೀಟರು ಉದ್ದದ ಸುರಂಗದೊಳಕ್ಕೆ ತಿರುಗಿಸುತ್ತವೆ. ಸೂರ್ಯ ಆಕಾಶವನ್ನು ಒಮ್ಮೆ ಸುತ್ತಲು 24 ಗಂಟೆ ಬೇಕು. ಮೊದಲನೆಯ ದರ್ಪಣವನ್ನಾದರೋ 48 ಗಂಟೆಗೊಮ್ಮೆ ಸುತ್ತುವ ವೇಗದಲ್ಲಿ ತಿರುಗಿಸುತ್ತಾರೆ. ಏಕೆ? ದರ್ಪಣ ಒಂದು ಅಂಶ ತಿರುಗಿದರೆ ಪ್ರತಿಫಲಿತ ಕಿರಣ ಎರಡು ಅಂಶ ತಿರುಗುತ್ತದೆಂಬ ನಿಯಮವನ್ನು ನೆನೆದರೆ ಉತ್ತರ ತಾನಾಗಿ ದೊರೆಯುತ್ತದೆ.

ಸುರಂಗದಲ್ಲಿರುವ ಮಸೂರದ ನಾಭಿದೂರ 36 ಮೀಟರು. ಸೂರ್ಯ ನಮ್ಮಿಂದ ತನ್ನ ವ್ಯಾಸದ ಸುಮಾರು 107ರಷ್ಟು ದೂರದಲ್ಲಿರುವುದರಿಂದ, ಬಿಂಬದ ವ್ಯಾಸ 36ನ್ನು 107ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 34 ಸೆಂಟಿಮೀಟರು. ಸೂರ್ಯನ ನಿಜವಾದ ವ್ಯಾಸ ಸುಮಾರು 13,92,000 ಕಿಲೋಮೀಟರು. ಆದಕಾರಣ ಬಿಂಬದಲ್ಲಿನ ಒಂದು ಮಿಲಿಮೀಟರು ಸೂರ್ಯನ ಮೇಲೆ 4,000 ಕಿಲೋಮೀಟರಿಗೂ ಹೆಚ್ಚು! ನಮ್ಮ ಭೂಮಿ ಆ ಬಿಂಬದಲ್ಲಿ ಮೂರು ಮಿಲಿಮೀಟರಿನ ಒಂದು ಚುಕ್ಕೆ. ದರ್ಪಣದ ಚಲನೆ ಕೂದಲೆಳೆಯಷ್ಟು ತಪ್ಪಿದರೂ ಬಿಂಬ ಎಷ್ಟು ದೂರ ಜಾರೀತೆಂಬುದನ್ನು ಊಹಿಸಿಕೊಳ್ಳಬಹುದು.

ಇಂಥ ಸೂಕ್ಷ್ಮತೆಯಿಂದ ಏನು ಪ್ರಯೋಜನ? 1909ರ ಜನವರಿಯಲ್ಲಿ ಜಾನ್ ಎವರ್‌ಶೆಡ್ ಇದೇ ಬೆಟ್ಟದ ಮೇಲೆ, ಅಂದಿನ ಉಪಕರಣಗಳಿಂದ, ಸೂರ್ಯಕಲೆಗಳ ರೋಹಿತವನ್ನು ಪರೀಕ್ಷಿಸಿದನು. ಕಲೆಯ ಮಸುಕಾದ ಅಂಚಿನಲ್ಲಿ ರೋಹಿತದ ರೇಖೆಗಳು ತುಸು ಪಲ್ಲಟಗೊಂಡಿದ್ದುವು. ಅಲ್ಲಿ ಅನಿಲವು ಕಲೆಯ ಒಳಗಿನಿಂದ ಹೊರಕ್ಕೆ ಹರಿಯುತ್ತಿದೆಯೆಂದು ಇದರಿಂದ ತಿಳಿದುಬಂದಿತು. ಇದಕ್ಕೆ ಎವರ್‌ಶೆಡ್ ಪರಿಣಾಮವೆಂದು ಹೆಸರು. ಹರಿವಿನ ವೇಗ ಸೆಕೆಂಡಿಗೆ 2 ಕಿಲೋಮೀಟರೆಂದಿಟ್ಟುಕೊಂಡರೆ, ಡಾಪ್ಲರ್ ನಿಯಮದಂತೆ 6,000 ಆಂಗ್‌ಸ್ಟ್ರಾಂ ತರಂಗದೂರದ ರೇಖೆ ಸರಿಯುವುದು ಕೇವಲ 0.04 ಆಂಗ್‌ಸ್ಟ್ರಾಂ. ಸೀಳುಗಂಡಿಯಲ್ಲಿ ಧೂಳು ಕುಳಿತರೆ, ನಾಭಿ ತುಸು ತಪ್ಪಿದರೆ, ಇಷ್ಟು ಸಣ್ಣ ಸಂಗತಿ ಕಣ್ಣಿಗೆ ಬೀಳುವುದು ಕಷ್ಟ.

1904ರಿಂದ ಅಲ್ಲಿ ಸೂರ್ಯನ ಛಾಯಾಚಿತ್ರಗಳು, ಮೋಡವಿಲ್ಲದ ದಿನಗಳಲ್ಲಿ, ಕ್ರಮವಾಗಿ ಸಂಗ್ರಹವಾಗುತ್ತ ಬಂದಿವೆ. ಗಾಜಿನ ಫಲಕವನ್ನು ಹೂಡುವುದು, ಬೆಳಕಿಗೆ ಒಡ್ಡುವುದು, ಕತ್ತಲೆಕೋಣೆಯಲ್ಲಿ ತೊಳೆಯುವುದು, ದಿನಾಂಕ ಮತ್ತು ವೇಳೆಯನ್ನು ಬರೆಯುವುದು—ನೋಡಲು ಇದು ಬೇಸರದ ಕೆಲಸ. ಆದರೆ ವೇಳೆಯನ್ನು ತಪ್ಪಾಗಿ ಬರೆದರೆ, ಉತ್ತರ ದಿಕ್ಕಿನ ಗುರುತು ತಪ್ಪಿದರೆ, ಸೂರ್ಯನ ಪರಿಭ್ರಮಣವನ್ನು ಲೆಕ್ಕಹಾಕುವವನು ದಾರಿತಪ್ಪುತ್ತಾನೆ. ಸೂರ್ಯಕಲೆಗಳ ಒಂದು ಆವರ್ತಕ್ಕೆ ಸುಮಾರು 11 ವರ್ಷ. ಇಂಥ ಹತ್ತು ಆವರ್ತಗಳನ್ನು ಯಾವೊಬ್ಬನೂ ಆಯುಷ್ಯವಿಡೀ ಕುಳಿತು ನೋಡಲಾರ. ಒಂದು ಕೈ ಇನ್ನೊಂದಕ್ಕೆ ಕೆಲಸವನ್ನೊಪ್ಪಿಸುತ್ತ ಬಂದುದರಿಂದ ಆ ದಾಖಲೆ ಉಳಿಯಿತು. ಈಚೆಗೆ ಆ ಫಲಕಗಳನ್ನು ಗಣಕಯಂತ್ರದ ಕಡತಗಳಾಗಿ ಮಾರ್ಪಡಿಸಲಾಗಿದೆ.

ಪ್ರಯೋಗಶಾಲೆಯಲ್ಲಿ ತಪ್ಪಿದ ಪ್ರಯೋಗವನ್ನು ನಾವು ಮರುದಿನ ಮತ್ತೆ ಮಾಡಬಹುದು. ನಿನ್ನೆಯ ಸೂರ್ಯನನ್ನು ಮತ್ತೆ ನೋಡುವಂತಿಲ್ಲ. ತಂತ್ರಜ್ಞನ ಹೊಣೆಯ ತೂಕವೆಲ್ಲ ಇದರಲ್ಲಿಯೇ ಅಡಗಿದೆ.

ಅಭ್ಯಾಸ: ರಟ್ಟಿನಲ್ಲಿ ಸೂಜಿಯಿಂದ ಒಂದು ರಂಧ್ರ ಮಾಡಿ, ಅದರಿಂದ 2 ಮೀಟರು 14 ಸೆಂಟಿಮೀಟರು ದೂರದಲ್ಲಿ, ನೆರಳಿರುವ ಕಡೆ, ಬಿಳಿಯ ಕಾಗದದ ಮೇಲೆ ಸೂರ್ಯನ ಬಿಂಬವನ್ನು ಬೀಳಿಸಿರಿ. ಅದರ ವ್ಯಾಸ ಸುಮಾರು 2 ಸೆಂಟಿಮೀಟರು ಏಕಿರಬೇಕೆಂಬುದನ್ನು ಮೇಲಿನ ಲೆಕ್ಕದಿಂದ ತಿಳಿಯಿರಿ. ರಂಧ್ರದ ಮೂಲಕವಾಗಲಿ ದುರ್ಬೀನಿನ ಮೂಲಕವಾಗಲಿ ಸೂರ್ಯನನ್ನು ಎಂದಿಗೂ ನೇರವಾಗಿ ನೋಡಕೂಡದು.