ಹಿಮಾ: ಮೂಕಜೀವಿಗಳ ನೆಲೆಯೂ ಒಂದು ಅಮಾನತ್

ಪ್ರಾಣಿ ಪಕ್ಷಿಗಳೂ ಮನುಷ್ಯರಂತೆ ಸಮುದಾಯಗಳು ಎಂದು ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯ (6:38) ಕಲಿಸುತ್ತದೆ. ಸಮುದಾಯವೆಂದ ಮೇಲೆ ಅದಕ್ಕೊಂದು ನೆಲೆ ಬೇಕು. ನೆಲೆಯನ್ನು ಕಸಿದುಕೊಂಡ ಬಳಿಕ ಪ್ರಾಣಿಯನ್ನು ಕೊಲ್ಲಲಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ಅರ್ಥವಿದೆಯೇ?

ಇಸ್ಲಾಮಿಗೆ ಮುಂಚೆ ಅರಬ್ ನಾಡಿನ ಬಲಾಢ್ಯ ನಾಯಕರು ಒಳ್ಳೆಯ ಹುಲ್ಲುಗಾವಲನ್ನು ತಮಗೆಂದೇ ಮೀಸಲಿಟ್ಟುಕೊಳ್ಳುತ್ತಿದ್ದರು. ಇದನ್ನು 'ಹಿಮಾ' ಎನ್ನುತ್ತಿದ್ದರು. ಪ್ರವಾದಿವರ್ಯರು(ಸ) ಈ ಖಾಸಗಿ ಹಕ್ಕನ್ನು ರದ್ದುಗೊಳಿಸಿ, ಹಿಮಾ ಸಾರ್ವಜನಿಕ ಹಿತಕ್ಕಾಗಿ ಮಾತ್ರ ಎಂದು ನಿಗದಿಪಡಿಸಿದರು. ಮದೀನದ ಹರಮ್ ಪ್ರದೇಶದಲ್ಲಿ ಬೇಟೆಯಾಡುವುದನ್ನೂ ಮರ ಕಡಿಯುವುದನ್ನೂ ತಡೆದುದು ಹದೀಸ್‌ಗಳಲ್ಲಿದೆ. ಹಝ್ರತ್ ಉಮರ್(ರ) ತಮ್ಮ ಕಾಲದಲ್ಲಿ ಹಿಮಾದ ಮೇಲ್ವಿಚಾರಕರಿಗೆ ಕೊಟ್ಟ ಆದೇಶವೂ ಗಮನಾರ್ಹ: ಕೆಲವೇ ಕುರಿ, ಒಂಟೆಗಳಿರುವ ಬಡವನನ್ನು ಒಳಗೆ ಬಿಡಬೇಕು, ಶ್ರೀಮಂತರ ಹಿಂಡುಗಳನ್ನು ಬಿಡಬಾರದು. ರಕ್ಷಣೆಯ ಭಾರ ಬಡವನ ಹೊಟ್ಟೆಯ ಮೇಲೆ ಬೀಳಬಾರದೆಂಬುದೇ ಇದರ ತಿರುಳು.

ಇನ್ನು ನಮ್ಮ ಕಾಲದ ಒಂದು ನಿದರ್ಶನ ನೋಡೋಣ. ಬಿಳಿ ಮೈ, ನೀಳವಾದ ನೇರ ಕೊಂಬುಗಳ ಅರೇಬಿಯನ್ ಓರಿಕ್ಸ್ ಮರುಭೂಮಿಯ ಚೆಲುವಾದ ಪ್ರಾಣಿ. ಮೋಟಾರು ವಾಹನ ಮತ್ತು ಬಂದೂಕುಗಳ ಬೇಟೆಗೆ ಸಿಕ್ಕಿ, 1972ರಲ್ಲಿ ಒಮಾನಿನಲ್ಲಿ ಕಾಡಿನ ಕೊನೆಯ ಓರಿಕ್ಸ್ ಇಲ್ಲವಾಯಿತು. ಆದರೆ ಕೆಲವು ಪ್ರಾಣಿಗಳನ್ನು 1960ರ ದಶಕದಲ್ಲೇ ಮೃಗಾಲಯದಲ್ಲಿರಿಸಿ ಸಂತತಿ ಬೆಳೆಸಲಾಗಿತ್ತು. 1982ರಲ್ಲಿ ಅವುಗಳನ್ನು ಒಮಾನಿನ ಜಿದ್ದತುಲ್ ಹರಾಸೀಸ್ ಬಯಲಿಗೆ ಮರಳಿ ಬಿಡಲಾಯಿತು. ಅಲ್ಲಿನ ಹರಾಸೀಸ್ ಬುಡಕಟ್ಟಿನವರೇ ಕಾವಲುಗಾರರಾದರು. 1994ರಲ್ಲಿ ಆ ಪ್ರದೇಶ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1996ರ ವೇಳೆಗೆ ಅಲ್ಲಿನ ಓರಿಕ್ಸ್‌ಗಳು ಸುಮಾರು 450.

ಅಷ್ಟರಲ್ಲಿ ಕಳ್ಳಬೇಟೆ ಮತ್ತೆ ತಲೆಯೆತ್ತಿತು. 2007ರ ಹೊತ್ತಿಗೆ ಉಳಿದವು ಸುಮಾರು 65. ತೈಲ ನಿಕ್ಷೇಪ ದೊರೆತ ಮೇಲೆ ರಕ್ಷಿತ ಪ್ರದೇಶವನ್ನು ಶೇಕಡಾ 90ರಷ್ಟು ಕಿರಿದಾಗಿಸಲಾಯಿತು. ಅದೇ ವರ್ಷ ಯುನೆಸ್ಕೋ ಆ ತಾಣವನ್ನು ಪಟ್ಟಿಯಿಂದ ತೆಗೆದುಹಾಕಿತು. ಹೀಗೆ ಪಟ್ಟಿಯಿಂದ ಹೊರಬಿದ್ದ ಮೊತ್ತಮೊದಲ ತಾಣವಿದು. ಆದರೂ ಅರಬ್ ನಾಡಿನ ಇತರೆಡೆ ನಡೆದ ಪ್ರಯತ್ನಗಳಿಂದ ಕಾಡಿನ ಓರಿಕ್ಸ್‌ಗಳ ಸಂಖ್ಯೆ ಸಾವಿರದಷ್ಟಾಯಿತು. 2011ರಲ್ಲಿ ಅವುಗಳ ಸ್ಥಿತಿ ಒಂದು ಹಂತ ಸುಧಾರಿಸಿದೆಯೆಂದು ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಘೋಷಿಸಿತು.

ಇದರಿಂದ ಕಲಿಯಬೇಕಾದುದೇನು? ಪ್ರಾಣಿಯನ್ನು ಬೆಳೆಸಿದರೆ ಸಾಲದು, ಅದರ ನೆಲವೂ ಉಳಿಯಬೇಕು. ಕಾನೂನು ಬರೆದರೆ ಸಾಲದು, ಅದನ್ನು ಕಾಯುವ ಮನಸ್ಸುಗಳು ಬೇಕು. ಸ್ಥಳೀಯರನ್ನು ದೂರವಿಟ್ಟ ರಕ್ಷಣೆ ಬಾಳದು.

ನಮ್ಮ ಊರಿನ ಕೆರೆ, ಗೋಮಾಳ, ಕುರುಚಲು ಕಾಡುಗಳಲ್ಲೂ ಮೂಕ ಸಮುದಾಯಗಳು ವಾಸಿಸುತ್ತವೆ. ಅವು ಒತ್ತುವರಿಯಾಗುವಾಗ ಗ್ರಾಮಸಭೆಯಲ್ಲಿ ಎದ್ದು ಮಾತಾಡುವುದು, ಕಾಡುಪ್ರಾಣಿಯ ಮಾಂಸ ಮನೆಗೆ ಬಂದರೆ ಬೇಡವೆನ್ನುವುದು, ಮಕ್ಕಳಿಗೆ ಕವಣೆಯ ಬದಲು ಹಕ್ಕಿಗಳ ಹೆಸರು ಕಲಿಸುವುದು ನಮ್ಮಿಂದಾಗದ ಕೆಲಸಗಳಲ್ಲ. ಭೂಮಿಯ ಪ್ರಾತಿನಿಧ್ಯ ನಮಗೆ ಸಿಕ್ಕಿದ್ದು ಅಮಾನತಾಗಿ, ಒಡೆತನವಾಗಿ ಅಲ್ಲ. ಆ ಅಮಾನತ್ತಿನ ಲೆಕ್ಕ ಕೊಡುವ ದಿನವೊಂದಿದೆ ಎಂಬುದನ್ನು ಮರೆಯದಿರೋಣ.