ಗಟಾರ ಯಾರದ್ದು?

ನಾವು ಭಟ್ಕಳದವರು. ಮಳೆ ನಮಗೆ ಹೊಸದಲ್ಲ. ಆದರೂ 2022ರ ಆಗಸ್ಟ್ ತಿಂಗಳ ಮಳೆಯನ್ನು ಮರೆಯಲಾರೆವು. ಪೇಟೆಗೆ ನೀರು ನುಗ್ಗಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ತೀರಿಕೊಂಡರು.

ಮಳೆ ನಿಲ್ಲಿಸುವುದು ನಮ್ಮ ಕೈಲಿಲ್ಲ. ಗಟಾರ ಕಟ್ಟಿಕೊಳ್ಳದಂತೆ ನೋಡಬಹುದಲ್ಲ? ಅದು ಯಾರ ಕೆಲಸ?

"ನಿಮ್ಮ ಕೇರಿಯ ಗಟಾರ, ನೀವೇ ಬಳಿಯಿರಿ" ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಪೇಟೆಯಲ್ಲಿ ಗಟಾರ ಮಾಡಿಸುವುದು, ಹೂಳು ತೆಗೆಸುವುದು, ಬೀದಿದೀಪ ಹಾಕಿಸುವುದು ಪುರಸಭೆ, ನಗರಸಭೆಗಳ ಕೆಲಸ. 1964ರ ಪೌರಸಭೆಗಳ ಕಾಯ್ದೆಯಲ್ಲಿ ಹಾಗೇ ಇದೆ. ತೆರಿಗೆ ಕಟ್ಟುವುದು ಮತ್ತೆ ಯಾತಕ್ಕೆ? ಹಳ್ಳಿಯಾದರೆ ಗ್ರಾಮ ಪಂಚಾಯಿತಿಯನ್ನು ಕೇಳಬೇಕು.

ಹಾಗಂತ ನಾವು ಸುಮ್ಮನೆ ಕೂರುವುದೇ? ಮೀನಿನ ತಲೆ, ಪ್ಲಾಸ್ಟಿಕ್ ಕೊಟ್ಟೆ ಗಟಾರಕ್ಕೆ ಎಸೆಯುವವರು ನಾವೇ ತಾನೆ! ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು ಮನೆಯವರ ಪಾಲು. ಬಾಗಿಲಿಗೆ ಬಂದು ಒಯ್ಯುವುದು ಆಡಳಿತದ ಪಾಲು. 2016ರ ಕೇಂದ್ರ ನಿಯಮ ಹೀಗೆ ಹಂಚಿತು.

ಕೇರಿಯ ಮಹಿಳಾ ಸಂಘಕ್ಕೆ ಇನ್ನೊಂದು ಕೆಲಸವಿದೆ. ಗಟಾರ ಎಲ್ಲಿ ಕಟ್ಟಿದೆ ಎಂದು ಬೇಸಿಗೆಯಲ್ಲೇ ನೋಡಿ ಅರ್ಜಿ ಬರೆಯೋಣ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ತಾರೀಖು ಹಾಕೋಣ. ಹೆಬ್ಬೆಟ್ಟು ಬೇಡ, ಎಲ್ಲರೂ ಸಹಿ ಮಾಡೋಣ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಸಂಘದ ಪೆಟ್ಟಿಗೆಯಲ್ಲಿ ಇಡೋಣ.